ಫಲಕದಲ್ಲಿಲ್ಲದ ಹೆಸರುಗಳು

— ನಿಮ್ಮ ಲ್ಯಾಬಿನ ಬಾಗಿಲ ಮೇಲೆ ಒಂದೇ ಹೆಸರು ಹಾಕಿದ್ದಾರಲ್ಲ ಕಣೇ, ನಿಮ್ಮ ಪ್ರೊಫೆಸರದ್ದು. ಒಳಗೆ ಅಷ್ಟೊಂದು ಜನ ಇರ್ತಾರೆ. ಅವರೆಲ್ಲ ಏನು ಮಾಡ್ತಾರೆ?

— ಕೆಲಸದ ಬಹುಪಾಲು ಅವರೇ ಮಾಡೋದು ಅತ್ತೆ. ಪ್ರೊಫೆಸರ್ ದಾರಿ ತೋರಿಸ್ತಾರೆ, ದುಡ್ಡು ತರ್ತಾರೆ, ನಾವು ಬರೆದದ್ದನ್ನ ತಿದ್ದುತ್ತಾರೆ. ವಯಸ್ಸಾದವರ ಕೈ ಹಿಡಿದು, ಸಿಗದ ನರ ಹುಡುಕಿ ರಕ್ತ ತೆಗೆಯೋದು ಆಸ್ಪತ್ರೆಯ ಸಿಸ್ಟರ್. ಅದನ್ನ ಹೊತ್ತು ಮೀರೋದರೊಳಗೆ ತಲುಪಿಸೋಕೆ ಒಬ್ಬ ಹುಡುಗ ಇದ್ದಾನೆ. ಗಾಜಿನ ಸಾಮಾನು ತೊಳೆದು ಆಟೊಕ್ಲೇವಿಗೆ ಹಾಕೋರು ಒಬ್ಬರು, ಇಲಿಗಳಿಗೆ ಭಾನುವಾರವೂ ನೀರು, ಮೇವು ಇಡೋರು ಇನ್ನೊಬ್ಬರು. ಆಮೇಲೆ ನಮ್ಮಂಥ ವಿದ್ಯಾರ್ಥಿಗಳು.

— ರಕ್ತ ಬಂದಮೇಲೆ ನಿನ್ನ ಕೆಲಸ ಏನು?

— ಒಂದು ಟ್ಯೂಬಿನ ತಳಕ್ಕೆ ಫೈಕಾಲ್ ಅನ್ನೋ ದ್ರವ ಹಾಕಿ, ಅದರ ಮೇಲೆ ರಕ್ತವನ್ನ ಟ್ಯೂಬಿನ ಒಳಮೈಗೆ ತಾಗಿಸಿ ಮೆಲ್ಲಗೆ ಇಳಿಸಬೇಕು. ಎರಡೂ ಬೆರೆಯಬಾರದು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆದ್ರೆ ಕೆಂಪು ಕಣಗಳೆಲ್ಲ ತಳ ಸೇರಿರ್ತವೆ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ಒಂದು ತೆಳು ಬಿಳಿ ಪದರ. ನಮಗೆ ಬೇಕಾದ, ವೈರಸ್ಸಿನ ವಿರುದ್ಧ ಹೋರಾಡೋ ಟಿ ಕಣಗಳು ಇರೋದು ಅದರಲ್ಲೇ. ಮೆಷಿನ್ ನಿಲ್ಲುವಾಗ ಬ್ರೇಕ್ ಹಾಕಬಾರದು, ತಾನಾಗೇ ನಿಲ್ಲೋಕೆ ಬಿಡಬೇಕು. ಬ್ರೇಕ್ ಹಾಕಿದ್ರೆ ಪದರ ಕದಡಿಹೋಗತ್ತೆ. ಪಿಪೆಟ್ಟನ್ನ ಟ್ಯೂಬಿನ ಸುತ್ತ ಆಡಿಸ್ತಾ ಆ ಬಿಳಿಯನ್ನ ಮಾತ್ರ ಎಳ್ಕೋಬೇಕು. ಇದನ್ನ ನನಗೆ ಕೈ ಹಿಡಿದು ಕಲಿಸಿದ್ದು ಪ್ರೊಫೆಸರ್ ಅಲ್ಲ, ಬಹಳ ವರ್ಷದಿಂದ ಅಲ್ಲೇ ಇರೋ ಟೆಕ್ನಿಷಿಯನ್ ಮೇಡಂ. ಅವರು ತೆಗೆದ ಮಾದರಿಯಲ್ಲಿ ಬದುಕುಳಿದ ಕಣಗಳು ಯಾವಾಗಲೂ ಹೆಚ್ಚು.

— ವಯಸ್ಸಾದವರ ರಕ್ತವೇ ಯಾಕೆ ಬೇಕು?

— ನಿಮಗೆ ಹೋದ ವರ್ಷ ಸರ್ಪಸುತ್ತು ಆಗಿತ್ತಲ್ಲ, ಅದಕ್ಕೇ. ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಬಂದಿತ್ತಂತೆ, ಸೀತಾಳೆ ಸಿಡುಬು. ಆ ವೈರಸ್ ಅವತ್ತೇ ಹೋಗಿಬಿಡಲಿಲ್ಲ. ಬೆನ್ನುಹುರಿ ಪಕ್ಕದ ನರಗಂಟುಗಳಲ್ಲಿ ಸುಮ್ಮನೆ ಕೂತಿತ್ತು. ಅಷ್ಟೂ ವರ್ಷ ನಿಮ್ಮ ಟಿ ಕಣಗಳು ಅದನ್ನ ತಲೆ ಎತ್ತೋಕೆ ಬಿಡಲಿಲ್ಲ. ವಯಸ್ಸಾದ ಹಾಗೆ ಆ ಕಾವಲು ಸಡಿಲವಾಯ್ತು, ಒಂದೇ ನರದ ದಾರಿ ಹಿಡಿದು ಹೊರಗೆ ಬಂತು. ಕಾವಲು ಯಾಕೆ ಸಡಿಲವಾಗತ್ತೆ ಅನ್ನೋದೇ ನಮ್ಮ ಪ್ರಶ್ನೆ.

— ಆ ಉರಿ ನನ್ನ ಶತ್ರುವಿಗೂ ಬೇಡ. ಹೇಳು, ಯಾಕೆ ಸಡಿಲವಾಗತ್ತೆ?

— ಒಂದು ಕಾರಣ ಎದೆಮೂಳೆಯ ಹಿಂದೆ ಇರೋ ಥೈಮಸ್ ಗ್ರಂಥಿ. ಹೊಸ ಟಿ ಕಣಗಳು ತಯಾರಾಗೋದು ಅಲ್ಲಿ. ಅದು ಚಿಕ್ಕಂದಿನಿಂದಲೇ ಕುಗ್ಗೋಕೆ ಶುರುವಾಗಿ, ನಿಮ್ಮ ವಯಸ್ಸಿಗೆ ಬಹುಪಾಲು ಕೊಬ್ಬಾಗಿರತ್ತೆ. ತಮಾಷೆ ಅಲ್ಲ ಅತ್ತೆ, 1961ರ ತನಕ ಆ ಗ್ರಂಥಿ ಇರೋದು ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಜಾಕ್ ಮಿಲ್ಲರ್ ಅನ್ನೋ ತರುಣ ಲಂಡನ್ನಿನ ಹೊರಗೆ, ಹಳ್ಳಿಗಾಡಿನ ಒಂದು ಸಂಶೋಧನಾ ಕೇಂದ್ರದಲ್ಲಿ ಡಾಕ್ಟರೇಟಿಗೆ ಕೆಲಸ ಮಾಡ್ತಿದ್ದರು. ಅವರ ಇಲಿಗಳನ್ನ ಇಟ್ಟಿದ್ದು ಹಳೇ ಕುದುರೆ ಲಾಯದಲ್ಲಿ. ಇಲಿಗಳಿಗೆ ರಕ್ತದ ಕ್ಯಾನ್ಸರ್ ತರೋ ವೈರಸ್ಸೊಂದನ್ನ ಅವರು ಅಭ್ಯಾಸ ಮಾಡ್ತಿದ್ದದ್ದು. ಅದಕ್ಕಾಗಿ ಆಗತಾನೆ ಹುಟ್ಟಿದ ಮರಿಗಳ ಥೈಮಸ್ ತೆಗೆದ್ರು. ಮರಿಗಳು ಕೆಲವು ವಾರ ಚೆನ್ನಾಗಿದ್ದು, ಆಮೇಲೆ ಸೊರಗಿ ಸಾಯತೊಡಗಿದವು. ಬೇರೆ ತಳಿಯ ಇಲಿಯ ಚರ್ಮ ಅಂಟಿಸಿದ್ರೆ ಅದನ್ನ ತಿರಸ್ಕರಿಸಲೇ ಇಲ್ಲ, ತಮ್ಮದೇ ಅನ್ನೋ ಹಾಗೆ ಇಟ್ಕೊಂಡವು.

— ಅಂದ್ರೆ ಪರರು ಯಾರು ಅಂತ ಗುರುತಿಸೋ ಶಕ್ತಿಯೇ ಹೋಗಿತ್ತು.

— ಅಷ್ಟೇ. ಮುಂದೆ ಅವರೇ ಅಮೆರಿಕಕ್ಕೆ ಹೋಗಿ ರೋಗಾಣುವೇ ಇಲ್ಲದ ಜಾಗದಲ್ಲಿ ಬೆಳೆಸಿದ ಇಲಿಗಳ ಮೇಲೆ ಇದೇ ಪ್ರಯೋಗ ಮಾಡಿದಾಗ ಅವು ಸೊರಗಲಿಲ್ಲ. ಮೊದಲಿನವು ಸತ್ತದ್ದು ಸೋಂಕಿನಿಂದ ಅಂತ ಖಚಿತವಾಯ್ತು. ರೋಗಾಣು ಇಲ್ಲದ ಹಾಗೆ ಇಲಿ ಸಾಕೋದು ಅಂದ್ರೆ ಗಾಳಿ, ನೀರು, ಹುಲ್ಲು, ಮೇವು ಎಲ್ಲವನ್ನೂ ಶುದ್ಧಮಾಡಿ ಒಳಗೆ ಬಿಡಬೇಕು, ದಿನಾ. ಆ ಕೆಲಸ ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಅವರಲ್ಲಿ ಒಬ್ಬರು ಒಂದು ದಿನ ಉದಾಸೀನ ಮಾಡಿದ್ದರೂ ಮಿಲ್ಲರ್ ಬರೆದ ಫಲಿತಾಂಶ ತಪ್ಪಾಗ್ತಿತ್ತು.

— ಸರಿ. ಥೈಮಸ್ ಕೊಬ್ಬಾಯ್ತು, ಹೊಸ ಕಣ ಬರೋದು ನಿಂತಿತು. ಹಳೇ ಕಣಗಳು ಇರ್ತವಲ್ಲ?

— ಇರ್ತವೆ. ವೈರಸ್ ಕಂಡಾಗ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿ ಹೋರಾಡ್ತವೆ. ಆದರೆ ಒಂದು ಜೀವಕೋಶ ಎಷ್ಟು ಸಲ ಎರಡಾಗಬಹುದು?

— ಬೇಕಾದಷ್ಟು ಸಲ. ನಿನ್ನೆಯ ಮೊಸರಿಂದ ಇವತ್ತಿನ ಹಾಲಿಗೆ ಹೆಪ್ಪು, ಇವತ್ತಿನದರಿಂದ ನಾಳೆಗೆ. ನಮ್ಮತ್ತೆ ಕಾಲದ ಹೆಪ್ಪು ನನ್ನ ಕಾಲದ ತನಕ ಬಂದಿತ್ತು.

— ವಿಜ್ಞಾನಿಗಳೂ ಐವತ್ತು ವರ್ಷ ಹಾಗೇ ನಂಬಿದ್ರು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಅನ್ನೋ ನೊಬೆಲ್ ವಿಜೇತರು 1912ರಲ್ಲಿ ಕೋಳಿ ಭ್ರೂಣದ ಹೃದಯದ ತುಣುಕನ್ನ ಗಾಜಿನಲ್ಲಿ ಬೆಳೆಸೋಕೆ ಶುರುಮಾಡಿದ್ರು. ಅದು 1946ರ ತನಕ ಬೆಳೀತಾನೇ ಇತ್ತು ಅಂತ ದಾಖಲೆ. ಕ್ಯಾರೆಲ್ ತೀರಿಕೊಂಡಮೇಲೂ ಇತ್ತು. ದೇಹದಿಂದ ಹೊರಗೆ ತೆಗೆದ ಕೋಶಕ್ಕೆ ಸಾವಿಲ್ಲ, ಮುಪ್ಪು ದೇಹದ್ದು, ಕೋಶದ್ದಲ್ಲ ಅಂತ ಎಲ್ಲರೂ ಪಾಠ ಒಪ್ಪಿಸ್ತಿದ್ರು.

— ನಿಜ ಅಲ್ವಾ ಅದು?

— ಅಲ್ಲ. ಆ ಕೋಶಗಳಿಗೆ ಆಹಾರವಾಗಿ ಕೋಳಿ ಭ್ರೂಣದ ರಸ ಹಾಕ್ತಿದ್ರು. ಅದರ ಜತೆಗೇ ಹೊಸ ಕೋಶಗಳು ಸೇರಿಕೊಳ್ತಿದ್ದವು ಅನ್ನೋದು ಈಗ ಹೆಚ್ಚಿನವರು ಒಪ್ಪೋ ವಿವರಣೆ. ಆ ನಂಬಿಕೆ ಮುರಿದದ್ದು ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅದೇ ಆವರಣದಲ್ಲಿರೋ ವಿಸ್ಟಾರ್ ಸಂಸ್ಥೆಗೆ 1958ರಲ್ಲಿ ಸೇರಿದ್ರು. ಸೇರಿಸಿಕೊಂಡಿದ್ದು ದೊಡ್ಡ ವಿಜ್ಞಾನಿ ಅಂತಲ್ಲ, ಬೇರೆಯವರ ಪ್ರಯೋಗಕ್ಕೆ ಬೇಕಾದ ಕೋಶಗಳನ್ನ ಬೆಳೆಸಿ ಕೊಡೋಕೆ.

— ಒಂಥರಾ ಅಡುಗೆಮನೆ ಉಸ್ತುವಾರಿ.

— ಅದೇ ಅವರನ್ನ ಕಾಯ್ತು ಅನ್ಸತ್ತೆ ನನಗೆ. ದಿನಾ ಬಾಟಲಿಗಳನ್ನ ನೋಡೋರಿಗೇ ಅದು ಕಾಣೋದು. ಕೋಶಗಳು ಬಾಟಲಿಯ ತಳಕ್ಕೆ ಅಂಟಿ ಒಂದೇ ಪದರವಾಗಿ ಹರಡ್ತವೆ. ತಳ ತುಂಬಿದ ಕೂಡಲೇ ಟ್ರಿಪ್ಸಿನ್ ಅನ್ನೋ ಕಿಣ್ವ ಹಾಕಿ ಬಿಡಿಸಿ, ಅರ್ಧರ್ಧ ಮಾಡಿ ಎರಡು ಹೊಸ ಬಾಟಲಿಗೆ ಹಾಕಬೇಕು. ತಿಂಗಳುಗಟ್ಟಲೆ ಹೀಗೆ ನಡೀತಾ, ಸುಮಾರು ಐವತ್ತು ಸಲ ಇಮ್ಮಡಿಯಾದಮೇಲೆ ಕೋಶಗಳು ನಿಧಾನವಾಗಿ ನಿಂತೇಬಿಡ್ತಿದ್ದವು. ಸಾಯ್ತಿರಲಿಲ್ಲ, ಎರಡಾಗ್ತಿರಲಿಲ್ಲ. ಬೇರೆಯವರಾಗಿದ್ದರೆ ಪೋಷಕ ದ್ರವ ಕೆಟ್ಟಿದೆ, ಬಾಟಲಿ ಸರಿಯಾಗಿ ತೊಳೆದಿಲ್ಲ, ಹುಡುಗರ ಕೈತಪ್ಪು ಅಂದುಬಿಡ್ತಿದ್ರು. ಹಾಗೆ ಅಂದವರು ಎಷ್ಟೋ ಜನ ಇದ್ದಿರಬೇಕು.

— ಕೈತಪ್ಪಲ್ಲ ಅಂತ ಹೇಗೆ ತೋರಿಸಿದ್ರು?

— ಅಲ್ಲಿ ಪಾಲ್ ಮೂರ್‌ಹೆಡ್ ಅನ್ನೋರು ಬರ್ತಾರೆ, ಕ್ರೋಮೋಸೋಮ್ ಎಣಿಸೋದರಲ್ಲಿ ಪಳಗಿದವರು. ಬಹಳ ಸಲ ಇಮ್ಮಡಿಯಾಗಿ ಮುದಿಯಾದ ಗಂಡು ಕೋಶಗಳನ್ನೂ ಇನ್ನೂ ಎಳೆಯ ಹೆಣ್ಣು ಕೋಶಗಳನ್ನೂ ಒಂದೇ ಬಾಟಲಿಗೆ ಹಾಕಿದ್ರು. ಒಂದೇ ದ್ರವ, ಒಂದೇ ಗಾಜು, ಅದೇ ಕೈ. ಪಕ್ಕದಲ್ಲಿ ಬೇರೆಯಾಗಿಟ್ಟ ಗಂಡು ಕೋಶಗಳು ನಿಂತಾಗ, ಬೆರೆಸಿದ ಬಾಟಲಿಯಲ್ಲಿ ಬೆಳೀತಿದ್ದವು ಹೆಣ್ಣು ಕೋಶಗಳು ಮಾತ್ರ. ದೋಷ ಆಹಾರದ್ದಾಗಿದ್ರೆ ಎರಡೂ ಒಟ್ಟಿಗೆ ನಿಲ್ಲಬೇಕಿತ್ತು. ಲೆಕ್ಕ ಕೋಶದ ಒಳಗೇ ಇದೆ. ಇನ್ನೂ ಒಂದು ಇದೆ, ನನಗೆ ಇವತ್ತಿಗೂ ಮೈ ಜುಮ್ಮನ್ನೋದು ಇದಕ್ಕೆ: ಇಪ್ಪತ್ತು ಸಲ ಇಮ್ಮಡಿಯಾದ ಕೋಶವನ್ನ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಟ್ಟು ತೆಗೆದ್ರೂ, ಅದು ಮುಂದೆ ಇನ್ನೂ ಮೂವತ್ತು ಸಲದ ಹತ್ತಿರಕ್ಕೆ ನಿಲ್ಲತ್ತೆ. ಎಲ್ಲಿ ಬಿಟ್ಟಿತ್ತು ಅನ್ನೋದು ಅದಕ್ಕೆ ನೆನಪಿರತ್ತೆ.

— ಒಪ್ಪಿದ್ರಾ ದೊಡ್ಡವರು?

— ಮೊದಲು ಕಳಿಸಿದ ಪ್ರತಿಷ್ಠಿತ ಪತ್ರಿಕೆ ತಿರಸ್ಕರಿಸಿತು. 1961ರಲ್ಲಿ ಬೇರೆ ಕಡೆ ಅಚ್ಚಾಯ್ತು. ಹದಿಮೂರು ವರ್ಷದ ಮೇಲೆ ಅದಕ್ಕೆ ‘ಹೇಫ್ಲಿಕ್ ಮಿತಿ’ ಅಂತ ಹೆಸರಿಟ್ಟವರು ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್, ರೋಗನಿರೋಧಕ ಶಕ್ತಿಯ ಕೆಲಸಕ್ಕೆ ನೊಬೆಲ್ ಪಡೆದವರು. ವೈರಸ್ಸು, ಮುಪ್ಪು, ರೋಗನಿರೋಧಕ ಶಕ್ತಿ ಒಂದೇ ಮನೆಯ ವಿಷಯಗಳು ಅನ್ನೋದು ಅವರಿಗೆ ಆಗಲೇ ಹೊಳೆದಿತ್ತು.

— ಇಷ್ಟೊತ್ತು ಕೋಶ ಕೋಶ ಅಂತೀಯಲ್ಲ, ಅವು ಬಂದದ್ದು ಎಲ್ಲಿಂದ? ಯಾರ ಮೈಯಿಂದ?

— ಗರ್ಭಪಾತವಾದ ಭ್ರೂಣಗಳಿಂದ. ಅತಿ ಹೆಸರಾದ ಡಬ್ಲ್ಯೂಐ-38 ಅನ್ನೋ ಕೋಶದ ತಳಿ 1962ರದ್ದು. ಸ್ವೀಡನ್ನಿನ ಒಬ್ಬ ಗೃಹಿಣಿ ತನ್ನ ಸಂಸಾರದ ಕಷ್ಟಕ್ಕೆ, ಅಲ್ಲಿನ ಕಾನೂನಿನ ಪ್ರಕಾರ ಗರ್ಭ ತೆಗೆಸಿಕೊಂಡರು. ಸಂಶೋಧನೆಗಾಗಿ ಅಲ್ಲ. ಆ ಭ್ರೂಣದ ಶ್ವಾಸಕೋಶ ಐಸಿನ ಮೇಲೆ ಫಿಲಡೆಲ್ಫಿಯಾ ತಲುಪಿತು. ಹೇಫ್ಲಿಕ್ ಅದನ್ನ ಬೆಳೆಸಿ, 800ರ ಸುಮಾರು ಪುಟ್ಟ ಗಾಜಿನ ಆಂಪೂಲುಗಳಲ್ಲಿ ಹೆಪ್ಪುಗಟ್ಟಿಸಿದ್ರು.

— ಆ ತಾಯಿಯನ್ನ ಕೇಳಿದ್ರಾ?

— ಇಲ್ಲ.

— ಒಂದು ಮಾತೂ?

— ಒಂದು ಮಾತೂ ಇಲ್ಲ. ಆಗ ಯಾರನ್ನೂ ಕೇಳೋ ಪದ್ಧತಿ ಇರಲಿಲ್ಲ ಅಂತ ಬರೀತಾರೆ. ಅದು ಕಾರಣ ಆಗಬಹುದು, ಸಮಾಧಾನ ಆಗಲ್ಲ. ಆಕೆಗೆ ವಿಷಯ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

— ಮನುಷ್ಯರದ್ದೇ ಯಾಕೆ ಬೇಕಿತ್ತು ಕಣೇ? ಕೋತಿಗಳದ್ದು ಆಗ್ತಿರಲಿಲ್ವಾ?

— ಕೋತಿಗಳ ಮೂತ್ರಪಿಂಡದ ಕೋಶಗಳಲ್ಲೇ ಪೋಲಿಯೋ ಲಸಿಕೆ ತಯಾರಿಸ್ತಿದ್ರು. ಅದಕ್ಕಾಗಿ ನಮ್ಮ ದೇಶದಿಂದ ವರ್ಷಕ್ಕೆ ಸಾವಿರ ಸಾವಿರ ಮಂಗಗಳು ಹಡಗು, ವಿಮಾನ ಹತ್ತಿ ಹೋದವು. ಭಾರತ ಅದನ್ನ ಪೂರ್ತಿ ನಿಲ್ಲಿಸಿದ್ದು 1978ರಲ್ಲಿ. ಆ ಕೋಶಗಳ ಒಳಗೆ ಕೋತಿಯದೇ ವೈರಸ್ ಅಡಗಿತ್ತು, ಎಸ್‌ವಿ-40 ಅಂತ. ಅದರ ಸುಳಿವು ಮೊದಲೇ ಹಿಡಿದವರು ಅಮೆರಿಕದ ಸರ್ಕಾರಿ ಪ್ರಯೋಗಾಲಯದ ಬರ್ನಿಸ್ ಎಡ್ಡಿ. ಕೋತಿ ಕೋಶದ ರಸ ಕೊಟ್ಟ ಹ್ಯಾಮ್‌ಸ್ಟರ್‌ಗಳಿಗೆ ಗೆಡ್ಡೆಗಳಾಗೋದನ್ನ ಕಂಡು 1960ರಲ್ಲೇ ಮೇಲಿನವರಿಗೆ ಹೇಳಿದ್ರು. ಅದಕ್ಕೆ ಸಿಕ್ಕ ಬಹುಮಾನ ಅಂದ್ರೆ ಲಸಿಕೆ ಪರೀಕ್ಷೆ ಕೆಲಸದಿಂದ ಅವರನ್ನ ದೂರ ಇಟ್ಟದ್ದು.

— ಹೆಂಗಸು ಹೇಳಿದ್ಲು ಅಂತ.

— ಕೇಳೋಕೆ ಇಷ್ಟವಿಲ್ಲದ್ದು ಹೇಳಿದ್ರು ಅಂತ. ಹೆಂಗಸಾದದ್ದು ಮೇಲಿನವರಿಗೆ ಅನುಕೂಲವಾಗಿರಬಹುದು. ಕೋತಿ ಕೋಶಗಳ ಗತಿ ಹೀಗಿದ್ದದ್ದಕ್ಕೇ ಶುದ್ಧವಾದ ಮಾನವ ಕೋಶ ಸಿಕ್ಕಾಗ ಲಸಿಕೆ ಮಾಡೋರಿಗೆ ಅದು ದೊಡ್ಡ ವರವಾಯ್ತು. ಅತ್ತೆ, 2017ರ ಫೆಬ್ರವರಿಯಲ್ಲಿ ನೀವು ಮುಖ್ಯೋಪಾಧ್ಯಾಯಿನಿ ಆಗಿದ್ದಾಗ ಶಾಲೆಯಲ್ಲಿ ಲಸಿಕೆ ಹಾಕಿಸಿದ್ರಲ್ಲ, ದಡಾರ-ರುಬೆಲ್ಲಾ?

— ಅಯ್ಯೋ, ಮರೆಯೋದುಂಟಾ! ಇಡೀ ದೇಶದಲ್ಲಿ ಮೊದಲ ಹಂತಕ್ಕೇ ನಮ್ಮ ರಾಜ್ಯ. ವಾಟ್ಸಾಪಿನಲ್ಲಿ ಏನೇನೋ ಗಾಳಿಸುದ್ದಿ ಬಂದು ಅಪ್ಪ ಅಮ್ಮಂದಿರು ಮಕ್ಕಳನ್ನ ಮನೇಲೇ ಉಳಿಸಿಕೊಂಡ್ರು. ಆಶಾ ಕಾರ್ಯಕರ್ತೆ, ನಾನು, ನಮ್ಮ ದೈಹಿಕ ಶಿಕ್ಷಕರು ಮನೆಮನೆಗೆ ಹೋದ್ವಿ. ಒಬ್ಬಳು ತಾಯಿ ಬಾಗಿಲಲ್ಲೇ ನಿಂತು, ‘ನೀವೇ ಜವಾಬ್ದಾರಿ ತಗೋತೀರಾ ಮೇಡಂ?’ ಅಂದ್ಲು. ತಗೋತೀನಿ ಅಂದೆ. ಚುಚ್ಚಿಸಿಕೊಂಡ ಮಕ್ಕಳು ಎಡಗೈ ಹೆಬ್ಬೆರಳ ಉಗುರಿಗೆ ಶಾಯಿ ಗುರುತು ಹಾಕಿಸಿಕೊಂಡು ಎಲ್ಲರಿಗೂ ತೋರಿಸ್ತಿದ್ವು.

— ಆ ಲಸಿಕೆಯ ರುಬೆಲ್ಲಾ ಭಾಗದ ಹೆಸರು ‘ವಿಸ್ಟಾರ್ ಆರ್‌ಎ 27/3’. ಅದೇ ಫಿಲಡೆಲ್ಫಿಯಾದ ವಿಸ್ಟಾರ್. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಸುಮಾರು 20,000 ಮಕ್ಕಳು ಕಣ್ಣು, ಕಿವಿ, ಹೃದಯದ ತೊಂದರೆ ಹೊತ್ತು ಹುಟ್ಟಿದ್ವು. ಸೋಂಕು ತಗಲಿದ ಗರ್ಭಿಣಿಯರು ಸ್ಟ್ಯಾನ್ಲಿ ಪ್ಲಾಟ್ಕಿನ್ ಅನ್ನೋ ಮಕ್ಕಳ ವೈದ್ಯರ ಹತ್ತಿರ ಸಲಹೆ ಕೇಳೋಕೆ ಬರ್ತಿದ್ರು. ಕೆಲವರು ಗರ್ಭ ತೆಗೆಸಿಕೊಂಡರು. ಹಾಗೆ ಬಂದ 27ನೇ ಭ್ರೂಣದ ಮೂರನೇ ಅಂಗಾಂಶದ ತುಣುಕಿನಲ್ಲಿ ಸಿಕ್ಕ ವೈರಸ್ ಅದು, ಅದಕ್ಕೇ ಆ ಅಂಕಿ. ಅದನ್ನ ಡಬ್ಲ್ಯೂಐ-38 ಕೋಶಗಳಲ್ಲಿ, ದೇಹಕ್ಕಿಂತ ಕಡಿಮೆ ಬಿಸುಪಿನಲ್ಲಿ ಮತ್ತೆ ಮತ್ತೆ ಬೆಳೆಸಿ ಸೌಮ್ಯಗೊಳಿಸಿದ್ರು. ನಿಮ್ಮ ಶಾಲೆಗೆ ಬಂದದ್ದು ಪುಣೆಯಲ್ಲಿ ತಯಾರಾದದ್ದು, ಮಾನವ ಕೋಶಗಳಲ್ಲೇ ಬೆಳೆಸಿದ್ದು.

— ಅವತ್ತು ಇದೆಲ್ಲ ನನಗೆ ಗೊತ್ತಿದ್ದಿದ್ದರೆ!

— ಗೊತ್ತಿದ್ರೆ ಹೇಳ್ತಿದ್ರಾ ಆ ತಾಯಿಗೆ?

— ಹೇಳ್ತಿದ್ದೆ. ಎಷ್ಟೋ ತಾಯಂದಿರ ದುಃಖದಿಂದ ಬಂದ ಔಷಧಿ ಇದು, ನಿನ್ನ ಮಗಳು ನಾಳೆ ಬಸುರಿಯಾದಾಗ ಆ ದುಃಖ ಅವಳಿಗೆ ಬರಬಾರದು ಅಂತ ಹೇಳ್ತಿದ್ದೆ. ಸುಳ್ಳಿಗೆ ಹೆದರಿದವರಿಗೆ ಅರ್ಧ ಸತ್ಯ ಹೇಳಿದ್ರೆ ಹೆದರಿಕೆ ಹೋಗಲ್ಲ ಮಗಳೇ, ಪೂರ್ತಿ ಹೇಳಬೇಕು. ಇರಲಿ, ಆ ಆಂಪೂಲುಗಳ ಕಥೆ ಏನಾಯ್ತು?

— ಜಗಳವಾಯ್ತು. 1968ರಲ್ಲಿ ಹೇಫ್ಲಿಕ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಆಂಪೂಲುಗಳನ್ನ ಸಾರಜನಕದ ಪೀಪಾಯಿಯಲ್ಲಿಟ್ಟು, ಕಾರಿನಲ್ಲಿ ಮಕ್ಕಳ ಜತೆ ತಗೊಂಡುಹೋದ್ರು. ಕೇಳಿದವರಿಗೆ ಕಳಿಸಿ ಹಣ ತಗೊಂಡ್ರು. ಸರ್ಕಾರದ ದುಡ್ಡಲ್ಲಿ ಮಾಡಿದ್ದು, ಅದು ನಮ್ಮ ಸ್ವತ್ತು ಅಂತ ಸರ್ಕಾರ ತನಿಖೆ ಹಚ್ಚಿತು. 1976ರಲ್ಲಿ ಹೇಫ್ಲಿಕ್ ಸ್ಟ್ಯಾನ್‌ಫರ್ಡ್ ಬಿಟ್ಟರು, ಮೊಕದ್ದಮೆ ಹೂಡಿದ್ರು, 1981ರಲ್ಲಿ ರಾಜಿಯಾಯ್ತು, ಕೆಲವು ಆಂಪೂಲು ಅವರಿಗೇ ಉಳಿದವು.

— ಸರ್ಕಾರದ್ದು, ಸಂಸ್ಥೆಯದ್ದು, ಅವರದ್ದು. ಅಷ್ಟು ವರ್ಷದ ಜಗಳದಲ್ಲಿ ಆ ಹೆಂಗಸಿಂದು ಅಂತ ಯಾರ ಬಾಯಲ್ಲೂ ಬರಲಿಲ್ಲ.

— ಬರಲಿಲ್ಲ. ಹೇಫ್ಲಿಕ್ ಮೇಲೆ ನನಗೆ ಗೌರವ ಇದೆ ಅತ್ತೆ. 2024ರಲ್ಲಿ ತೀರಿಕೊಂಡರು, ಅವರಿಲ್ಲದಿದ್ರೆ ನಮ್ಮ ಲ್ಯಾಬಿನ ಪ್ರಶ್ನೆಯೇ ಹುಟ್ತಿರಲಿಲ್ಲ. ಆದರೂ ಈ ಒಂದು ಕಡೆ ಮನಸ್ಸು ಒಪ್ಪಲ್ಲ.

— ಕೋಶದ ಒಳಗೆ ಲೆಕ್ಕ ಇಡೋದು ಏನು ಅಂತ ಗೊತ್ತಾಯ್ತಾ?

— ಅದು ಹೊಳೆದದ್ದು ಮಾಸ್ಕೋದಲ್ಲಿ. ಅಲೆಕ್ಸಿ ಓಲೊವ್ನಿಕೋವ್ ಅನ್ನೋರು ಹೇಫ್ಲಿಕ್ ಕೆಲಸದ ಬಗ್ಗೆ ಉಪನ್ಯಾಸ ಕೇಳಿ ಮೆಟ್ರೋ ನಿಲ್ದಾಣಕ್ಕೆ ಬಂದ್ರು. ರೈಲು ಬಂದು ನಿಂತದ್ದು ನೋಡಿ, ಡಿಎನ್‌ಎಯನ್ನ ನಕಲು ಮಾಡೋ ಯಂತ್ರವೂ ಹಳಿಯ ತುದಿಯ ಒಂದಿಷ್ಟನ್ನ ಪ್ರತಿಸಲ ಬಿಟ್ಟೇಬಿಡತ್ತೆ ಅಂತ ಯೋಚಿಸಿ 1971ರಲ್ಲಿ ಬರೆದ್ರು. ಪ್ರತಿ ಸಲ ಕ್ರೋಮೋಸೋಮಿನ ತುದಿ, ಅಂದ್ರೆ ಟೆಲೊಮಿಯರ್, ಸವೆಯತ್ತೆ. ಅದನ್ನ ತುಂಬಿಕೊಡೋ ಕಿಣ್ವವನ್ನ ಬರ್ಕ್ಲಿಯಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್ 1984ರ ಕ್ರಿಸ್‌ಮಸ್ ದಿನ ಲ್ಯಾಬಿಗೆ ಹೋಗಿ ಕಂಡ್ರು. 2009ರ ನೊಬೆಲ್ ಅವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್ ಅವರಿಗೂ ಬಂತು. ಓಲೊವ್ನಿಕೋವ್‌ಗೆ ಬರಲಿಲ್ಲ.

— ಟಿ ಕಣಗಳಿಗೂ ಇದೇ ಲೆಕ್ಕವಾ?

— ಅದನ್ನ ತೋರಿಸಿದವರಲ್ಲಿ ಮುಖ್ಯರು ಲಾಸ್ ಏಂಜಲಿಸ್ಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಟಾ ಎಫ್ರಾಸ್. ಟಿ ಕಣಗಳು ಶುರುವಿನಲ್ಲಿ ಆ ಕಿಣ್ವವನ್ನ ತಯಾರಿಸಿಕೊಂಡು ತುದಿ ಕಾಪಾಡಿಕೊಳ್ತವೆ. ಮತ್ತೆ ಮತ್ತೆ ಕೆರಳಿಸ್ತಾ ಹೋದ್ರೆ ಆ ಶಕ್ತಿ ಕಳಕೊಂಡು, ಎರಡಾಗೋದನ್ನ ನಿಲ್ಲಿಸ್ತವೆ. ಅಂಥದ್ದೇ ಕಣಗಳು ಎಚ್‌ಐವಿ ಇರೋರಲ್ಲೂ ಮುದುಕರಲ್ಲೂ ಹೆಚ್ಚು. ಹಾಗೆ ಸದಾ ಕೆರಳಿಸೋ ವೈರಸ್ಸುಗಳಲ್ಲಿ ಒಂದು ಸೈಟೊಮೆಗಲೋವೈರಸ್. ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಬಂದಿರತ್ತೆ, ಏನೂ ತಿಳಿಯಲ್ಲ, ಹೋಗೋದೂ ಇಲ್ಲ. ಇಳಿವಯಸ್ಸಿಗೆ ಟಿ ಕಣಗಳ ದೊಡ್ಡ ಪಾಲು ಅದೊಂದನ್ನೇ ಕಾಯ್ತಾ ಕೂತಿರ್ತವೆ. ಇದು ಗೊತ್ತಾದದ್ದೂ ಸ್ವೀಡನ್ನಿನಿಂದಲೇ.

— ಮತ್ತೆ ಸ್ವೀಡನ್ನಾ?

— ಯೋನ್‌ಶೋಪಿಂಗ್ ಅನ್ನೋ ಊರು. ಆಂಡರ್ಸ್ ವಿಕ್ಬಿ ಮತ್ತು ಜತೆಯವರು 1989ರಿಂದ ಎಂಬತ್ತು ದಾಟಿದವರ ರಕ್ತ ತಗೊಂಡು, ಅದೇ ಜನರನ್ನ ಮತ್ತೆ ಮತ್ತೆ ಹೋಗಿ ಕಂಡರು. ಟಿ ಕಣಗಳ ಎರಡು ಬಗೆಗಳ ಪ್ರಮಾಣ ಯಾರಲ್ಲಿ ತಲೆಕೆಳಗಾಗಿತ್ತೋ ಅವರು ಬೇಗ ತೀರಿಕೊಳ್ತಿದ್ರು, ಆ ಪ್ರಮಾಣಕ್ಕೂ ಈ ವೈರಸ್ಸಿಗೂ ಸಂಬಂಧ ಇತ್ತು. ಯೋಚಿಸಿ, ತೊಂಬತ್ತರ ಹತ್ತಿರದ ಜನ. ಇದರ ಫಲ ತಮಗೆ ಸಿಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ತೋಳು ಚಾಚಿದ್ರು, ಸಲ ಸಲವೂ. ಲೇಖನದಲ್ಲಿ ಅವರು ಬರೀ ಒಂದು ಸಂಖ್ಯೆ.

— ಅವರನ್ನ ಕೇಳಿ ತಗೊಂಡ್ರು, ಅಷ್ಟಾದರೂ ಆಯ್ತು. ನಿಮ್ಮ ಲೇಖನಗಳಲ್ಲಿ ಆ ಟೆಕ್ನಿಷಿಯನ್ ಹೆಸರು ಬರತ್ತಾ?

— ಕೊನೆಯಲ್ಲಿ ಕೃತಜ್ಞತೆ ಅಂತ ಸಣ್ಣಕ್ಷರದಲ್ಲಿ. ಈ ಸಲ ಲೇಖಕರ ಸಾಲಿನಲ್ಲೇ ಹಾಕಬೇಕು ಅಂತ ನಾವು ವಿದ್ಯಾರ್ಥಿಗಳು ಪ್ರೊಫೆಸರನ್ನ ಕೇಳಿದ್ದೀವಿ. ಒಪ್ಪಿದ್ದಾರೆ.

— ಒಳ್ಳೇದು. ಗಾಜು ತೊಳೆಯೋರದ್ದೂ ಇರಲಿ, ಸಣ್ಣಕ್ಷರದಲ್ಲಾದರೂ. ನನ್ನ ವಯಸ್ಸಿನವರು ಬೇಕಾ ನಿಮಗೆ? ಸರ್ಪಸುತ್ತು ಬಂದು ಹೋದವಳು ನಾನು.

— ಬೇಕು ಅತ್ತೆ. ಆದರೆ ನಾನು ಮನೆಯವಳು, ನಾನೇ ಕೇಳಿ ಒಪ್ಪಿಸೋ ಹಾಗಿಲ್ಲ. ಬೇರೆಯವರು ಬಂದು ವಿವರಿಸ್ತಾರೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇದೆ. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದರೂ ಹಿಂದಕ್ಕೆ ಸರೀಬಹುದು, ಕಾರಣ ಹೇಳಬೇಕಾಗಿಲ್ಲ.

— ನನ್ನ ಕಣಗಳನ್ನ ಆ ಸಾರಜನಕದಲ್ಲಿ ಎಷ್ಟು ವರ್ಷ ಇಡ್ತೀರಿ? ನಾನು ಹೋದಮೇಲೆ ಅವುಗಳ ಮೇಲೆ ಇನ್ನೇನೋ ಪರೀಕ್ಷೆ ಮಾಡ್ಬೇಕು ಅಂದ್ರೆ ಯಾರನ್ನ ಕೇಳ್ತೀರಿ?

— ಅದಕ್ಕೇ ಪತ್ರದಲ್ಲಿ ಬೇರೆಯಾಗಿ ಗುರುತು ಹಾಕೋ ಜಾಗ ಇದೆ. ಈ ಅಧ್ಯಯನಕ್ಕೆ ಮಾತ್ರ ಅನ್ನಬಹುದು, ಮುಂದಿನ ಸಂಶೋಧನೆಗೂ ಬಳಸಿ ಅನ್ನಬಹುದು. ಮುಂದಿನದ್ದು ಏನೇ ಆದರೂ ನೈತಿಕ ಸಮಿತಿ ನೋಡಿ ಒಪ್ಪಬೇಕು.

— ಕಂಪನಿಗೆ ಕೊಟ್ಟು ದುಡ್ಡು ಮಾಡಿದ್ರೆ?

— ಅದರ ಬಗ್ಗೆಯೂ ಒಂದು ಸಾಲು ಇದೆ. ಆ ಸಾಲು ಅಷ್ಟು ಸ್ಪಷ್ಟವಾಗಿಲ್ಲ ಅಂತ ನನಗೂ ಅನ್ನಿಸಿದೆ.

— ಹಾಗಾದ್ರೆ ವಿವರಿಸೋಕೆ ಬರೋರಿಗೆ ಮೊದಲು ಆ ಸಾಲನ್ನೇ ಓದೋಕೆ ಹೇಳ್ತೀನಿ. ನನಗೆ ಅರ್ಥವಾಗದಿದ್ರೆ ಸಹಿ ಹಾಕಲ್ಲ. ಅರ್ಥವಾಗೋ ಹಾಗೆ ತಿದ್ದಿಕೊಂಡು ಬನ್ನಿ ಅಂತೀನಿ. ಎಷ್ಟು ಹೊತ್ತಿಗೆ ಬರ್ತಾರೆ ಅವರು, ಮಧ್ಯಾಹ್ನ ಊಟ ಆದಮೇಲೆ ಅಂದ್ರೆ ಆಗತ್ತಾ?